ನಾನು ಮುಗಿಸದ ಬಿ.ಎ.

ಪ್ರೀತಿಯ ಗಂಗಾಮಣಿಗೆ,

ಅಡುಗೆಮನೆಯಿಂದ ಕರೆದರೆ ಅಂಗಳಕ್ಕೆ ಕೇಳಿಸುವ ಮನೆಯಲ್ಲಿ ಇಪ್ಪತ್ತೆರಡು ವರ್ಷ ಜೊತೆಗಿದ್ದ ಗಂಡ ಹೆಂಡತಿಗೆ ಕಾಗದ ಬರೆಯುವ ಪ್ರಸಂಗ ಎಲ್ಲಿ ಬರುತ್ತದೆ ಹೇಳು. ಈಗ ಬಂದಿದೆ. ಫೋನಿನಲ್ಲಿ ಹೇಳೋಣವೆಂದು ನಿನ್ನೆ ಎರಡು ಸಲ ಸಿಗ್ನಲ್ ಸಿಗುವ ದಿಬ್ಬ ಹತ್ತಿದೆ. ನೀನು "ಏನ್ರೀ?" ಅಂದ ಕೂಡಲೇ "ಕರೀ ಹಸ ಸರಿಯಾಗಿ ಮೇಯ್ತಾ ಇಲ್ಲ" ಎಂದು ಸುಳ್ಳು ಹೇಳಿ ಇಳಿದು ಬಂದೆ. ಹಸುವಿಗೆ ಏನೂ ಆಗಿಲ್ಲ, ಚೆನ್ನಾಗಿದೆ. ನಿನ್ನ ತಮ್ಮ ಮಂಜುನಾಥ್ ಮೆಣಸು ಕುಯ್ಯುವ ಏಣಿ ಬೇಕೆಂದು ಹೆಗ್ಗದ್ದೆಗೆ ಬಂದಿದ್ದಾನೆ, ನಾಳೆ ಆಲೂರಿಗೆ ವಾಪಸು ಹೊರಡುತ್ತಾನೆ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ದಾರಿಯಲ್ಲಿ ಬಿಚ್ಚಿ ಓದದಿರಲಿ ಎಂದು ನಾಲ್ಕು ಅನ್ನದ ಅಗುಳು ಹಚ್ಚಿ ಅಂಟಿಸುತ್ತೇನೆ.

ವಿಷಯಕ್ಕೆ ಬರುತ್ತೇನೆ. ನಾನು ಬಿ.ಎ. ಪಾಸಾಗಿಲ್ಲ ಗಂಗಾ.

ಒಂದು ಸಲ ಬರೆದ ಮೇಲೆ ಇದು ಅಷ್ಟು ದೊಡ್ಡ ವಾಕ್ಯವಾಗಿ ಕಾಣುತ್ತಿಲ್ಲ. ಆದರೆ ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ನಮ್ಮ ಮದುವೆ ಮೇ ತಿಂಗಳಲ್ಲಿ ಆಯಿತಲ್ಲ, ಆಗ ನಾನು ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಲಗ್ನಪತ್ರಿಕೆ ಅಚ್ಚಿಗೆ ಕೊಡುವಾಗ ಅಪ್ಪ, "ಬರ್ದಾಯ್ತಲ್ಲ, ಇನ್ನೇನು ಪಾಸಾಗದೆ ಇರ್ತಾನಾ? ಹಾಕ್ಸು ಬಿ.ಎ. ಅಂತ" ಅಂದರು. ನಮ್ಮ ಕಡೆ ಹುಡುಗನ ಹೆಸರಿನ ಮುಂದೆ ಎರಡಕ್ಷರ ಇಲ್ಲದಿದ್ದರೆ ಪತ್ರಿಕೆ ಬೋಳಾಗಿ ಕಾಣುತ್ತದೆ ಎನ್ನುವುದು ನಿನಗೂ ಗೊತ್ತು. ಅದನ್ನು ನೋಡಿ ನಿಮ್ಮಪ್ಪ ಸಕಲೇಶಪುರದ ಪಾತ್ರೆ ಅಂಗಡಿಯಲ್ಲಿ ನಿನಗೆ ಕೊಟ್ಟ ಸ್ಟೀಲ್ ಸಾಮಾನಿಗೆಲ್ಲ 'ಗಂಗಾಮಣಿ, ಎಲ್. ನಟರಾಜ್ ಬಿ.ಎ.' ಎಂದು ಕೆತ್ತಿಸಿದರು. ಕೊಳದಪ್ಪಲೆಗೆ ಆಯಿತು, ತಟ್ಟೆಗೆ ಆಯಿತು, ಸಾರಿನ ಸೌಟಿಗೂ ಬಿಡಲಿಲ್ಲ.

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಉಳಿದೆಲ್ಲ ಪಾಸು, ಇಂಗ್ಲಿಷಿನಲ್ಲಿ ಡುಮ್ಕಿ. ಅಪ್ಪನಿಗೆ ಹೇಳಿದೆ. "ಯಾರ್ ಹತ್ರನೂ ಬಾಯ್ ಬಿಡ್ಬ್ಯಾಡ ಕಣೋ. ಇನ್ನೊಂದ್ ಸತಿ ಕಟ್ಟಿ ಪಾಸ್ ಮಾಡ್ಕಂಬುಡು, ಗೊತ್ತಾಗಾಕಿಲ್ಲ" ಅಂದರು. ಆ ವರ್ಷ ಅಕ್ಟೋಬರಿನಲ್ಲಿ ಕಾಫಿಗೆ ಹೊಡೆಯಲು ಮೈಲುತುತ್ತ ತರುತ್ತೇನೆಂದು ಹಾಸನಕ್ಕೆ ಹೋಗಿ ತುತ್ತವನ್ನೇ ಮರೆತು ಬಂದಿದ್ದೆನಲ್ಲ, ನೀನು ವಾರಗಟ್ಟಲೆ ನಗಾಡಿದ್ದೆ, ನೆನಪಿದೆಯಾ? ಅವತ್ತು ನಾನು ಪರೀಕ್ಷೆ ಬರೆದು ಬಂದಿದ್ದೆ. ಮೊದಲ ಸಲ ಬಂದಿದ್ದು ಇಪ್ಪತ್ತೆರಡು ಅಂಕ, ಆ ಸಲ ಹತ್ತೊಂಬತ್ತು. ಮರುವರ್ಷ ಅಪ್ಪ ತೀರಿಕೊಂಡರು, ತೋಟ ನನ್ನ ತಲೆಗೆ ಬಂತು, ಪರೀಕ್ಷೆಯ ಮಾತು ಅಲ್ಲಿಗೇ ನಿಂತಿತು. ನಾಲ್ಕು ಎಕರೆ ಕಾಫಿ ನೋಡಿಕೊಳ್ಳುವವನ ಹತ್ತಿರ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ಪತ್ರಿಕೆಯಲ್ಲಿ ಅಚ್ಚಾದ ಸುಳ್ಳು ಹಾಗೆಯೇ ನಿಜವಾಗಿ ಉಳಿದುಕೊಂಡಿತು.

ಇದರಿಂದ ಯಾರಿಗೂ ತೊಂದರೆ ಇಲ್ಲ ಎಂದು ನನ್ನನ್ನೇ ನಂಬಿಸಿಕೊಂಡಿದ್ದೆ. ಮೂರು ವರ್ಷದ ಹಿಂದೆ ನೀನು ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಕಟ್ಟುತ್ತೇನೆ ಅಂದೆ. "ಪಿಯುಸಿಗೇ ನಿಲ್ಸಿಬಿಟ್ರು ನಮ್ಮನೇಲಿ. ಹೇಳ್ಕೊಡಾಕೆ ಮನೇಲೇ ನೀವಿದೀರಲ್ಲ" ಎಂದು ಕಣ್ಣರಳಿಸಿ ಹೇಳಿದೆ. ನೀನು ಇಂಗ್ಲಿಷ್ ಪುಸ್ತಕ ಹಿಡಿದು ಬಂದಾಗಲೆಲ್ಲ ನಾನು ಸ್ಪ್ರಿಂಕ್ಲರ್ ಮೋಟರು ನೋಡಲು ಹೋಗುತ್ತಿದ್ದೆ. ಆ ಮೋಟರು ಅಷ್ಟು ಸಲ ಕೆಟ್ಟಿರಲಿಲ್ಲ. "ನನ್ ಓದು ಅಂದ್ರೆ ನಿಮ್ಗೆ ಅಸಡ್ಡೆ" ಎಂದು ನೀನು ಒಮ್ಮೆ ಕಣ್ಣಲ್ಲಿ ನೀರು ತಂದುಕೊಂಡೆ. ಅಸಡ್ಡೆ ಅಲ್ಲ ಮಾರಾಯ್ತಿ, ಹೆದರಿಕೆ.

ಹೋದ ಅಕ್ಟೋಬರಿನಲ್ಲಿ ಸರ್ಕಾರದ ಮನೆಮನೆ ಸಮೀಕ್ಷೆಗೆ ಬಂದ ಆಶಾ ಮೇಡಂ ಯಜಮಾನರ ವಿದ್ಯಾಭ್ಯಾಸ ಏನೆಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನೀನು ಒಳಗಿಂದಲೇ, "ಬಿ.ಎ. ಕಣ್ರೀ ಮೇಡಂ, ಅವಾಗಿನ್ ಕಾಲಕ್ಕೆ ಈ ಊರಿಗೆ ಇವರೊಬ್ರೇ" ಎಂದು ಕೂಗಿದೆ. ಆಮೇಲೆ ನಿನ್ನದನ್ನು, "ಓದ್ತಾ ಇದೀನಿ, ಬಿ.ಎ. ಅಂತ್ಲೇ ಹಾಕಾಕಾಯ್ತದಾ?" ಎಂದು ಆಸೆಯಿಂದ ಕೇಳಿದೆ. ಮುಗಿಸಿದ್ದನ್ನು ಮಾತ್ರ ಹಾಕಬೇಕು ಎಂದು ಅವರು ಮೊಬೈಲಿನಲ್ಲಿ ಪಿಯುಸಿ ಅಂತ ಒತ್ತಿದರು. ನೀನು ಪೆಚ್ಚಾಗಿ ನಕ್ಕೆ. ಪಕ್ಕದಲ್ಲೇ ಮುಗಿಸದವನೊಬ್ಬ ಪದವೀಧರನಾಗಿ ಕುಳಿತು ನೀನು ಮಾಡಿದ ಕಾಫಿ ಕುಡಿಯುತ್ತಿದ್ದ. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ, ಆದರೂ ಸುಮ್ಮನಿದ್ದೆ.

ಹೋದ ವಾರ ನಿನ್ನ ಫಲಿತಾಂಶ ಬಂತು. ಇಂಗ್ಲಿಷಿನಲ್ಲಿ ಮೂವತ್ತೊಂದು, ನಾಲ್ಕು ಅಂಕ ಕಮ್ಮಿ. ಉಳಿದಿರುವುದು ಅದೊಂದೇ ವಿಷಯ, ಅದರಲ್ಲೂ ಇದು ಎರಡನೇ ಸಲ. ನೀನು ಪುಸ್ತಕವನ್ನೆಲ್ಲ ಗೋಣಿಚೀಲಕ್ಕೆ ತುಂಬಿ, "ಹಳೇ ಪೇಪರ್‌ನೋನು ಬಂದ್ರೆ ಹಾಕ್ಬುಡಿ. ನೀವು ಒಂದೇ ಏಟಿಗೆ ಪಾಸ್ ಮಾಡಿದ್ರಿ, ನನ್ ತಲೇಗೆ ಹತ್ತಾಕಿಲ್ಲ ಕಣ್ರೀ" ಅಂದು ತವರಿಗೆ ಹೊರಟುಬಿಟ್ಟೆ. ಆಗ ನನಗೆ ತಿಳಿಯಿತು, ನನ್ನ ಸುಳ್ಳು ನನ್ನ ಮಾನ ಕಾಯುತ್ತಿರಲಿಲ್ಲ, ನಿನ್ನ ಓದನ್ನು ನಿಲ್ಲಿಸುತ್ತಿತ್ತು. ಇಲ್ಲದ ಬುದ್ಧಿವಂತನ ಪಕ್ಕದಲ್ಲಿ ನಿಂತು ನೀನು ನಿನ್ನನ್ನು ದಡ್ಡಿ ಅಂದುಕೊಂಡೆ. ಒಬ್ಬರೂ ಹೇಳಿಕೊಡದೆ, ಕಾಫಿ ಹಣ್ಣು ಕುಯ್ಯುವ ತಿಂಗಳಲ್ಲಿ ಆಳುಗಳಿಗೆ ಬುತ್ತಿ ಕಟ್ಟಿಕೊಂಡು ನೀನು ಮೂವತ್ತೊಂದು ತೆಗೆದೆ. ನಾನು ಕಾಲೇಜಿಗೆ ಹೋಗಿ, ಮೇಷ್ಟ್ರ ಎದುರು ಕುಳಿತು ಹತ್ತೊಂಬತ್ತು ತೆಗೆದವನು. ತಲೆ ಯಾರದು ಚುರುಕು ಎಂದು ಈಗ ನೀನೇ ಹೇಳು.

ಗೋಣಿಚೀಲವನ್ನು ಯಾರಿಗೂ ಹಾಕಿಲ್ಲ. ಮೊನ್ನೆ ಆಶಾ ಮೇಡಂಗೆ ಫೋನ್ ಮಾಡಿ ನನ್ನದನ್ನು ತಿದ್ದಲು ಆಗುತ್ತದಾ ಎಂದು ಕೇಳಿದೆ. "ಎಲ್ಲಾ ಕಳಿಸಾಗೋಯ್ತಲ್ಲ ಸಾರ್, ಯಾಕೆ?" ಅಂದರು. ಕಾರಣ ಹೇಳಿದೆ. "ಮೊದ್ಲು ಗಂಗಾ ಅವ್ರಿಗೆ ಹೇಳಿ ಸಾರ್" ಅಂದರು. ನಿನ್ನೆ ಹಾಸನದಲ್ಲಿರುವ ಮುಕ್ತ ವಿಶ್ವವಿದ್ಯಾಲಯದ ಕೇಂದ್ರಕ್ಕೂ ಹೋಗಿ ಬಂದೆ. ನನ್ನ ಹಳೆಯ ಬಿ.ಎ. ಮುಂದುವರಿಸಲು ಆಗುವುದಿಲ್ಲವಂತೆ, ಹೊಸದಾಗಿಯೇ ಸೇರಬೇಕಂತೆ. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಅರ್ಜಿ ತುಂಬಿದೆ. ನಲವತ್ತೇಳನೇ ವಯಸ್ಸಿಗೆ ನಾನು ಮೊದಲನೇ ವರ್ಷ. ಇನ್ನು ಮುಂದೆ ನೀನೇ ನನಗೆ ಹೇಳಿಕೊಡಬೇಕು, ನಿನಗೆ ಮೋಟರು ರಿಪೇರಿಯ ನೆಪವೂ ಇಲ್ಲ.

ನಿನ್ನ ಪರೀಕ್ಷೆಯ ಅರ್ಜಿಯನ್ನೂ ತಂದಿದ್ದೇನೆ. ಸೋಮವಾರ ಕೊನೆಯ ದಿನ, ಅದಕ್ಕೆ ನಿನ್ನ ಸಹಿ ಬೇಕು. ಶನಿವಾರ ಬೆಳಿಗ್ಗೆಯ ಬಸ್ಸಿಗೆ ಆಲೂರಿಗೆ ಬರುತ್ತೇನೆ. ನಿಮ್ಮಪ್ಪನಿಗೂ ನಾನೇ ಹೇಳುತ್ತೇನೆ, ಅವರು ಬೈದರೆ ಬೈಸಿಕೊಳ್ಳುತ್ತೇನೆ. ನಿನಗೆ ಸಿಟ್ಟು ಬರಲಿ, ಬರಬೇಕಾದದ್ದೇ. ಮೋಸ ಮಾಡಿದೆ, ತಪ್ಪಾಯಿತು. ತಿಂಗಳು ಮಾತು ಬಿಡು, ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಆದರೆ ನನ್ನ ಮೇಲಿನ ಸಿಟ್ಟನ್ನು ಆ ಅರ್ಜಿಯ ಮೇಲೆ ತೀರಿಸಬೇಡ, ಸಹಿ ಹಾಕು. ಮಗಳು ಶೃತಿ ಇನ್ನೂ ಪಿಯುಸಿ, ನಾನು ಈಗಷ್ಟೇ ಸೇರಿದವನು. ಈ ಮನೆಗೆ ಪದವೀಧರರು ಅಂತ ಇದುವರೆಗೆ ಯಾರೂ ಇಲ್ಲ ಗಂಗಾ. ಮೊದಲನೆಯವಳು ನೀನೇ ಆಗು.

ದೇವರು ನಿನಗೆ ಬೇಗ ಒಳ್ಳೆಯ ಫಲಿತಾಂಶ ಕೊಡಲಿ, ನನಗೆ ನಿನ್ನ ಎದುರು ನಿಲ್ಲುವ ಧೈರ್ಯ ಕೊಡಲಿ.

ಶನಿವಾರ ಬರುವ,
ನಿನ್ನ ನಟರಾಜ