ಮೂರನೇ ಚೌಕದಲ್ಲಿ ಹೂವಿಲ್ಲ

ತಿರುವನಂತಪುರಂ
ಅಕ್ಟೋಬರ್ ೧೯೯೪

ವಾರಿಜಕ್ಕ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಈ ಸುದ್ದಿಯನ್ನು ನಿಮಗೇ ಹೇಳಬೇಕು.

ಮೊನ್ನೆ ನಮ್ಮ ಸಸ್ಯ ಸಂಶೋಧನಾ ಕೇಂದ್ರದ ಹೊಸ ಸಹಾಯಕಿ ಪಾವನಾಳ ಜೊತೆ ಮುನ್ನಾರಿನ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದೆ. ಎಂಬತ್ತಾರರಲ್ಲಿ ನಾವಿಬ್ಬರು ಗೂಟ ಹೊಡೆದು ಗಿಡ ಎಣಿಸಿದ ಚೌಕಗಳು ಹಾಗೇ ಇವೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಈಗ ಗುಡ್ಡವನ್ನೆಲ್ಲ ನೀಲಿ ಮಾಡಿದೆ. ಮೂರನೇ ಚೌಕದಲ್ಲಿ ಮಾತ್ರ ಒಂದು ಹೂವೂ ಇಲ್ಲ.

"ಸಾರ್, ಹಳೇ ವರದಿಯಿಂದ ನೀವು ಇಳಿಸಿಕೊಟ್ಟ ಪಟ್ಟಿಯಲ್ಲಿ ಇಲ್ಲಿ ನಲವತ್ತೊಂದು ಕುರಿಂಜಿ ಅಂತ ಇದೆ. ಹಾಗೆ ಬರೆದ ಮಹಾನುಭಾವ ಯಾರು ಸಾರ್?" ಎಂದು ಪಾವನಾ ನಕ್ಕಳು.

"ನಾನೇ ಕಣಮ್ಮ," ಎಂದೆ.

ಎಲೆ ತಿರುಗಿಸಿ ನೋಡಿದೆವು. ಅದು ಕುರಿಂಜಿಗೆ ಹತ್ತಿರದ ಬೇರೆ ಜಾತಿ.

ಅಂದು ನೀವು ಚೌಕದೊಳಗೆ ಕಾಲಿಡದೆ, ಆ ಚಳಿಗಾಳಿಯಲ್ಲಿ ಅಂಚಿನಲ್ಲೇ ಬೋರಲು ಮಲಗಿ, ಒಂದೊಂದು ಗಿಡವನ್ನೂ ಮುಟ್ಟಿ ಎಣಿಸಿದಿರಿ. ಅಷ್ಟು ತಾಳ್ಮೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. "ಹೂ ಕಾಣದೆ ಹೆಸರು ಬರೆಯುವುದು ಬೇಡ ಮಾರಾಯಾ, ಕಾಯುವಾ," ಎಂದಿರಿ.

"ಎಂಟು ವರ್ಷವಾ ಅಕ್ಕಾ?" ಎಂದು ತಮಾಷೆ ಮಾಡಿ ನಾನು ಹೆಸರು ಬರೆದೆ. ನೀವು ಸಹಿ ಹಾಕಲಿಲ್ಲ. ವರದಿ ನನ್ನೊಬ್ಬನ ಹೆಸರಿನಲ್ಲಿ ಅಚ್ಚಾಯಿತು. ನೀವು ಕೊಚ್ಚಿಗೆ ವರ್ಗ ತೆಗೆದುಕೊಂಡಿರಿ. ರೈಲಿನಲ್ಲಿ ಐದು ಗಂಟೆಯ ದಾರಿ. ನಾನು ಒಮ್ಮೆಯೂ ಬರಲಿಲ್ಲ.

ಇವತ್ತು ತಿದ್ದುಪಡಿ ಬರೆದು, ಸಮೀಕ್ಷೆ ನಡೆಸಿದವರಲ್ಲಿ ನಿಮ್ಮ ಹೆಸರನ್ನು ಮೊದಲು ಹಾಕಿ ನಿರ್ದೇಶಕರಿಗೆ ಕೊಟ್ಟೆ.

"ಅವರು ವರದಿಗೆ ಸಹಿಯೇ ಹಾಕಿಲ್ಲವಲ್ಲ?" ಎಂದರು.

"ಹೌದು ಸಾರ್. ಆ ವರದಿಯ ವಿಷಯದಲ್ಲಿ ಸರಿಯಾಗಿ ನಡೆದದ್ದು ಅದೊಂದೇ," ಎಂದೆ.