ನೋವಾಗಿಲ್ರೀ

9 ಅಕ್ಟೋಬರ್ 2001, ಮಂಗಳವಾರ.

ವರದಾ ಇಂದು ಮೆಟ್ಟಿಲಿನಿಂದ ಬಿದ್ದು ಮೊಣಕಾಲು ತರಚಿಕೊಂಡಳು. ಅಳಲಿಲ್ಲ. "ನೋವಾತೇನ?" ಎಂದು ಕೇಳಿದೆ. "ನೋವಾಗಿಲ್ರೀ" ಎಂದಳು. ಐದು ವರ್ಷದ ಮಗಳು ಹೆತ್ತ ತಾಯಿಗೆ ಪರರಿಗೆ ಹೇಳುವಂತೆ 'ರೀ' ಹಚ್ಚುತ್ತಾಳೆ.

ಬಾಜೂಮನೆಯ ಪ್ರಮಿಳಾಗೆ ಅದೇ ಮೆಚ್ಚುಗೆ. "ಎಷ್ಟ ಶಾಣ್ಯಾ ಅದರೀ ಕೂಸು! ನಮ್ಮಂವ ಆಗಿದ್ರ ಇಡೀ ಖಾಸಬಾಗ ಓಣಿ ಎಬ್ಬಸ್ತಿದ್ದ."

ಅವಳ ಮಗ ಅತ್ತರೆ ತಾಯಿಯ ಬಳಿಗೆ ಓಡುತ್ತಾನೆ.

ನೌಕರಿಗಾಗಿ ವರದಾಳನ್ನು ನಾಲ್ಕು ವರ್ಷ ಖಾನಾಪುರದಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದೆ; ಇತ್ತೀಚೆಗಷ್ಟೇ ಇಲ್ಲಿಗೆ ಕರೆತಂದೆ. ಪ್ರತಿ ಭಾನುವಾರ ನಾನು ಬೆಳಗಾವಿ ಬಸ್ ಹತ್ತುವಾಗ ಸೀರೆ ಹಿಡಿದು ಅಳುತ್ತಿದ್ದಳು. "ಅತ್ತರ ಮುಂದಿನ ಐತವಾರ ಬರೂದಿಲ್ಲ ನೋಡು" ಎಂದು ಹೆದರಿಸಿದವಳು ನಾನೇ. ಚೆನ್ನಾಗಿ ಕಲಿತಿದ್ದಾಳೆ.

ಪ್ರಮಿಳಾ ಹೋದ ಮೇಲೆ ಗಾಯಕ್ಕೆ ಅರಿಶಿನ ಹಚ್ಚುತ್ತ, "ಅಳಬೇಕಂದ್ರ ಅಳು, ನಾ ಎಲ್ಲೂ ಹೋಗೂದಿಲ್ಲ" ಎಂದೆ.

ವರದಾ ಕೇಳಿದಳು: "ಇವತ್ತ ಐತವಾರ ಏನ್ರೀ?"