ಡ್ರ್ಯಾಗನ್ ನಿಂತಿದೆ

ಮಂಗಳವಾರ, ಬೆಳಗ್ಗೆ

ಮಗಳ ಅಪ್ಪನಿಗೆ ನಮಸ್ಕಾರ.

ಇವತ್ತು ನನಗೆ ಉಪವಾಸ. ಮಂಗಳವಾರ ಎಂಥ ಉಪವಾಸ ಎಂದು ಹುಬ್ಬೇರಿಸಬೇಡಿ. ನೆಲ ಒರೆಸಿ, ದೇವರಿಗೆ ದೀಪ ಹಚ್ಚಿ, ಬಟ್ಟೆ ಒಗೆದು ಹರವಿ ಈಗ ಕುಳಿತೆ. ಕಾಲು ಇನ್ನೂ ಮರಗಟ್ಟಿದ ಹಾಗಿದೆ. ಮಗಳ ಮನೆಗೆ ಹೋದ ಮೇಲೆ ನಿಮ್ಮ ಕೈ ನಡುಕ ಹೇಗಿದೆ? ಲೋಟ ಚೆಲ್ಲದೆ ಹಿಡಿಯುತ್ತೀರಿ ಎಂದು ಮಗಳು ಫೋನಿನಲ್ಲಿ ಹೇಳಿದಳು. ಅವಳ ಮನೆಯಲ್ಲಿ ಫೋನಿಗೆ ಹತ್ತು ಕಿವಿ, ಅದಕ್ಕೇ ಈ ಕಾಗದ.

ನಿಮ್ಮ ಆಟ ನಡೆಸಿ ಬಂದೆ. ಆಟಗಳ ಸಮ್ಮೇಳನದ ಸಭಾಂಗಣದಲ್ಲಿ ಎಲ್ಲಕ್ಕಿಂತ ಉದ್ದದ ಮೇಜು ನಮ್ಮದೇ. ಸುತ್ತ ಹದಿನಾರು ಜನ, ಮೇಲೆ ನೀವು ಬಣ್ಣ ಹಚ್ಚಿದ ಆರುನೂರು ಬೊಂಬೆ ಸೈನಿಕರು. ಹದಿನೆಂಟು ವರ್ಷ ಪೆಟ್ಟಿಗೆ ಹೊತ್ತವಳೇ ಹೊರತು ದಾಳ ಮುಟ್ಟಿದವಳಲ್ಲ ನಾನು. ನೀವು ಹೇಳಿ ಬರೆಸಿದ ನಿಯಮಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಕುದುರೆಗೆ ಹನ್ನೆರಡು ಅಂಗುಲ, ಕಾಲಾಳಿಗೆ ಆರು. ಟೇಪು ಹಿಡಿದು ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಆಡಲು ಬಂದಿದ್ದ ಆ ಬೋಳುತಲೆ ಮೇಷ್ಟ್ರು ಅಂಗುಲಕ್ಕೊಂದು ತಕರಾರು ತೆಗೆದರು. ಮನೆಯಲ್ಲಿ ಬಾಯಿ ಬಿಡಲಾಗದವರು ಇಲ್ಲಿ ಬಂದು ದಂಡು ನಡೆಸುತ್ತಾರೆ ಎಂದೆ. ಅವರ ಹೆಂಡತಿ ಹಿಂದೆಯೇ ನಿಂತಿದ್ದರು, ಹೌದೌದು ಎಂದು ನಕ್ಕರು.

ಮೇಜಿನ ನಡುವಿನ ಆ ದೊಡ್ಡ ಡ್ರ್ಯಾಗನ್ ಬೊಂಬೆ ಬಿದ್ದರೆ ಯುದ್ಧ ಮುಗಿಯಿತು, ಬೊಂಬೆಗಳನ್ನೆಲ್ಲ ಆಡುವವರಿಗೆ ಹಂಚಿ ಬರಿಗೈಯಲ್ಲಿ ಬಾ, ನಿಂತರೆ ಮುಂದಿನ ವರ್ಷ ನೋಡೋಣ ಎಂದಿದ್ದಿರಿ. ಅದನ್ನೇ ಎಲ್ಲರಿಗೂ ಹೇಳಿದೆ. ಡ್ರ್ಯಾಗನ್ನಿನ ಬುಡದಲ್ಲಿ ಹತ್ತು ಪ್ರಾಣಕ್ಕೆ ಹತ್ತು ಮಣಿ ಇಟ್ಟೆ. ಪೆಟ್ಟು ಬಿದ್ದಾಗಲೆಲ್ಲ ಒಂದು ಮಣಿ ತೆಗೆಯುವುದು ನನ್ನ ಕೆಲಸ.

ಶನಿವಾರ ಸಂಜೆ ಎಲ್ಲರೂ ಎದ್ದು ಹೋದರು. ಹರಡಿದ್ದನ್ನು ಹಾಗೇ ಬಿಟ್ಟು ಮಲಗಿದ ಅಭ್ಯಾಸ ನನಗೆಲ್ಲಿದೆ? ಒಂದೊಂದೇ ಬೊಂಬೆ ಒರೆಸಿ ಪೆಟ್ಟಿಗೆಗೆ ಹಾಕಿ, ಮಣಿಗಳನ್ನು ಡಬ್ಬಿಗೆ ಸುರಿದು, ಮೇಜಿಗೆ ಒದ್ದೆ ಬಟ್ಟೆ ಆಡಿಸಿ ಬಂದೆ. ಭಾನುವಾರ ಬೆಳಗ್ಗೆ ಬಂದವರು ಸಾವಿನ ಮನೆಗೆ ಬಂದವರ ಹಾಗೆ ನಿಂತರು. ಬಿಟ್ಟಲ್ಲಿಂದಲೇ ಆಟ ಮುಂದುವರಿಯಬೇಕಿತ್ತಂತೆ. ನೀವು ಬರೆಸಿದ್ದರಲ್ಲಿ ಆ ಮಾತು ಎಲ್ಲೂ ಇರಲಿಲ್ಲ.

ಮತ್ತೆ ಹೂಡತೊಡಗಿದೆವು. ತಂತಮ್ಮ ದಂಡು ಒಂದು ಗೇಣು ಮುಂದಿತ್ತೆಂದು ಎಲ್ಲರದೂ ವಾದ. ಕೊನೆಗೆ ಮೇಷ್ಟ್ರೇ, ಅಮ್ಮ ಹೇಳಿದಲ್ಲಿ ಇಡಿ, ದೇವರಿಗೆ ನಡೆದುಕೊಳ್ಳುವವರು ಸುಳ್ಳು ಹೇಳುವುದಿಲ್ಲ ಎಂದರು. ಹಾಗೇ ಇಟ್ಟರು. ಡ್ರ್ಯಾಗನ್ನಿಗೆ ಇನ್ನೆಷ್ಟು ಪ್ರಾಣ ಎಂದು ಕೇಳಿದರು. ನಾಲ್ಕು ಎಂದೆ. ಅವತ್ತು ಸಂಜೆ ಆಟ ನಿಲ್ಲಿಸುವವರೆಗೆ ಮೂರು ಪೆಟ್ಟು ಬಿತ್ತು. ಒಂದು ಮಣಿ ಉಳಿಯಿತು. ಡ್ರ್ಯಾಗನ್ ನಿಂತಿದೆ, ಪೆಟ್ಟಿಗೆಗಳು ಮನೆಯಲ್ಲೇ ಇವೆ.

ನನಗಂತೂ ಸಾಕಾಗಿದೆ. ಒಬ್ಬಳೇ ಇನ್ನೊಮ್ಮೆ ಆಗದು. ಮುಂದಿನ ವರ್ಷ ನೀವು ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಹೇಳಿ, ನಾನು ಅಳೆಯುತ್ತೇನೆ. ಕೈ ನಡುಗಿದರೆ ದಾಳಕ್ಕೆ ಒಳ್ಳೆಯದೇ. ಬರುತ್ತೀರೋ ಇಲ್ಲವೋ, ಒಂದು ಮಾತು ಬರೆಯಿರಿ.

ಇಂತಿ,
ಮಗಳ ಅಮ್ಮ

ಮರೆತಿದ್ದೆ: ಶನಿವಾರ ಸಂಜೆ ನಾನು ಡಬ್ಬಿಗೆ ಸುರಿದಾಗ ಡ್ರ್ಯಾಗನ್ನಿನ ಬುಡದಲ್ಲಿ ಇದ್ದದ್ದು ಒಂದೇ ಮಣಿ. ಹೆಚ್ಚಿಗೆ ಹೇಳಿದ ಮೂರು ಮಣಿಗೆ ಮೂರು ಉಪವಾಸ, ಇವತ್ತು ಎರಡನೆಯದು. ಗುರುವಾರ ನನ್ನ ತಮ್ಮ ಆ ಕಡೆ ಬರುತ್ತಾನೆ. ಉತ್ತರ ಅವನ ಕೈಯಲ್ಲೇ ಕೊಟ್ಟು ಕಳಿಸಿ. ಮಗಳಿಂದ ಬರೆಸಬೇಡಿ, ಅಕ್ಷರ ಸೊಟ್ಟಗಾದರೂ ನೀವೇ ಬರೆಯಿರಿ.